ದಹ್‌ಶೂರಿನ ಬಾಗಿದ ಪಿರಮಿಡ್ಡು ಮತ್ತು ನಮ್ಮ ಮೇಸ್ತ್ರಿ

ಹೊನ್ನಾವರ ಸ್ಟೇಷನ್ನಿನಲ್ಲಿ ಸಂಜೆ ಮುಂಬೈ ರೈಲು ಹತ್ತುವಾಗ ನಮ್ಮ ಬಳಿ ಎರಡು ಬ್ಯಾಗು, ಒಂದು ಡಬ್ಬಿ ಅವಲಕ್ಕಿ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ ಇದ್ದವು. ಇನ್ನೊಂದು ವಸ್ತುವೂ ಇತ್ತೆಂದು ನನಗೆ ಗೊತ್ತಾದದ್ದು ಮುಂಬೈ ವಿಮಾನ ನಿಲ್ದಾಣದಲ್ಲಿ. ತಪಾಸಣೆಯವನು ನಮ್ಮನೆಯವರ ಕೈಚೀಲದಿಂದ ಒಂದು ಕಬ್ಬಿಣದ ಗುಂಡು ಎತ್ತಿ ತೋರಿಸಿದ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಮೇಸ್ತ್ರಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ತೂಗುಗುಂಡು ಅದು.

"ಇದನ್ನ ಎಂತಕ್ಕೆ ತಂದ್ರಿ?" ಅಂದೆ.

"ಬ್ಯಾಗಲ್ಲೇ ಉಳ್ದಿತ್ತು ಕಾಣ್ತದೆ" ಅಂದರು. ಹಸಿ ಸುಳ್ಳು. ಆ ಬ್ಯಾಗು ಹೊಸದು, ಹೊರಡುವ ಮುಂಚೆ ಪೇಟೆಯಲ್ಲಿ ನಾನೇ ಆರಿಸಿ ಕೊಂಡದ್ದು. ಗುಂಡು ಮುಂಬೈಯಲ್ಲೇ ಉಳಿಯಿತು. ದಾರವನ್ನು ಮಾತ್ರ ಅವರು ಸುತ್ತಿ ಜೇಬಿಗೆ ಹಾಕಿಕೊಂಡರು.

ನಮ್ಮನೆಯವರು ಸುಬ್ರಾಯ ಮೇಸ್ತ್ರಿ. ನಾವಿರುವುದು ಕರ್ಕಿಯಲ್ಲಿ. ಅವರು ನಲವತ್ತು ವರ್ಷ ಕೆಂಪು ಚಿರೆಕಲ್ಲಿನ ಮನೆ ಕಟ್ಟಿದವರು. ಹೋದ ವರ್ಷ ಕಾಸರಕೋಡಿನಲ್ಲಿ ತಮ್ಮ ತಂಗಿ ಗಿರಿಜೆಯ ಮನೆ ಕಟ್ಟುತ್ತಿದ್ದಾಗ, ಹೆಂಚು ಹೊದಿಸುವ ಮಾಡಿನ ಕೆಳಗಿನ ಮೂರುಮೂಲೆ ಗೋಡೆ ಅರ್ಧ ಏರಿದ ಮೇಲೆ ಅಡಿಯ ಮರಳು ಕುಸಿದು ಬಿರುಕು ಬಿಟ್ಟಿತು. ಭಾರ ತಗ್ಗಿಸಲು ಅಲ್ಲಿಂದ ಮೇಲೆ ಇಳಿಜಾರು ಕಡಿಮೆ ಮಾಡಿ ಮುಗಿಸಿದರು. ಮಾಡು ನಡುವೆ ಮುರಿದಂತೆ ಕಂಡಿತು. ಊರವರು 'ಸೊಟ್ಟ ಮಾಡಿನ ಮನೆ' ಎಂದು ಹೆಸರಿಟ್ಟರು. ಅದನ್ನು ಕೇಳಿದ ದಿನವೇ ನಮ್ಮನೆಯವರು ಗಾರೆ ಮೆತ್ತುವ ಕರಣೆಯನ್ನು ಗಿರಿಜೆಯ ಮನೆಯಲ್ಲಿ ಬಿಟ್ಟು ಬಂದವರು, ಆಮೇಲೆ ಆ ಹೊಸ್ತಿಲು ತುಳಿದಿರಲಿಲ್ಲ. ಮಂಕಿ ಎಂಬ ಊರಿನ ಮಾಸ್ತರೊಬ್ಬರು ತಮ್ಮ ಹೊಸ ಮನೆ ಇವರೇ ಕಟ್ಟಬೇಕೆಂದು ಎರಡು ಸಲ ಬಂದು ಕೇಳಿದ್ದರು. "ತಿರುಗಾಟದಿಂದ ಬಂದ್ಮೇಲೆ ಹೇಳ್ತೆ" ಎಂದು ಇವರು ಜಾರಿಕೊಂಡಿದ್ದರು. ಮಾಸ್ತರು ಕಾಯುತ್ತಿದ್ದರು.

ಪ್ರವಾಸದ ಹುಚ್ಚು ನನ್ನದು. ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತಿದ್ದ ಕಾಲದಲ್ಲಿ ಯಾವುದೋ ಲಕೋಟೆಯ ಮೇಲೆ ಪಿರಮಿಡ್ಡಿನ ಸ್ಟಾಂಪು ನೋಡಿದ್ದೆ. ನಿವೃತ್ತಿಯಾದ ಕೂಡಲೇ ಭಟ್ಕಳದ ಒಬ್ಬ ಏಜೆಂಟರ ಮೂಲಕ ವೀಸಾ, ಟಿಕೆಟ್ಟು ಮಾಡಿಸಿದೆ. ಅವರ ಪ್ರವಾಸಿ ಗುಂಪಿನಲ್ಲಿ ಭಟ್ಕಳದ ಸಫಿಯಾಬಿ ಇದ್ದರು. ದುಬೈಯಲ್ಲಿ ಬಹಳ ವರ್ಷವಿದ್ದ ಅವರ ಅರಬ್ಬಿ ನಮಗೆ ದಾರಿಯುದ್ದಕ್ಕೂ ಆಸರೆಯಾಯಿತು.

ಕೈರೋಗೆ ವಿಮಾನದಲ್ಲಿ ಆರು ಗಂಟೆ. ಡಿಸೆಂಬರಿನ ಬೆಳಗು, ಸ್ವೆಟರು ಬೇಕಾಗುವಷ್ಟು ಚಳಿ. ಮಧ್ಯಾಹ್ನದ ಹೊತ್ತಿಗೆ ಅದನ್ನೇ ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ಬಿಸಿಲು.

ಮೊದಲ ದಿನ ಗೀಜಾ. ಹೋಗುವವರಿಗೆ ಹೇಳುತ್ತೇನೆ, ಗೇಟು ತೆರೆಯುವ ಹೊತ್ತಿಗೇ ಹೋಗಿ. ಟಿಕೆಟ್ಟಿಗೆ ನೋಟು ತೆಗೆದುಕೊಳ್ಳುವುದಿಲ್ಲ, ಕಾರ್ಡು ಬೇಕು. ಪಿರಮಿಡ್ಡಿನ ಒಳಗೆ ಹೋಗಲು ಬೇರೆ ಟಿಕೆಟ್ಟು. "ಫೋಟೋ ಫುಕಟ್" ಎಂದು ಒಂಟೆಯ ಮೇಲೆ ಕೂರಿಸುವವರು ಇಳಿಸುವಾಗ ದುಡ್ಡು ಕೇಳುತ್ತಾರೆ. ಸಫಿಯಾಬಿ ಅಂಥವನೊಬ್ಬನನ್ನು ಅರಬ್ಬಿಯಲ್ಲಿ ಎರಡೇ ಮಾತಿನಲ್ಲಿ ಓಡಿಸಿದರು. ಏನಂದಿರೆಂದು ಕೇಳಿದರೆ, "ಅದೆಲ್ಲ ಕನ್ನಡದಲ್ಲಿ ಹೇಳೂಕಾಗೂದಿಲ್ಲ ಅಕ್ಕಾ" ಎಂದು ನಕ್ಕರು.

ಖುಫು ದೊರೆಯ ಮಹಾ ಪಿರಮಿಡ್ಡಿಗೆ ನಾಲ್ಕೂವರೆ ಸಾವಿರ ವರ್ಷ. ಒಳಗಿನ ದಾರಿ ತಗ್ಗು, ಬೆನ್ನು ಬಗ್ಗಿಸಿಯೇ ಏರಬೇಕು, ಸೆಕೆ ಬೇರೆ. ಮಂಡಿನೋವು, ಉಬ್ಬಸ ಇದ್ದವರು ಹೊರಗೇ ನಿಂತು ನೋಡಿ ಸಂತೋಷಪಡುವುದು ಒಳ್ಳೆಯದು. ಮೇಲಿನ ಕೋಣೆಯ ಕಗ್ಗಲ್ಲುಗಳು ನೂರಾರು ಮೈಲಿ ದೂರದ ಅಸ್ವಾನಿನಿಂದ ನೈಲ್ ನದಿಯ ದೋಣಿಗಳಲ್ಲಿ ಬಂದವು. ನಮ್ಮನೆಯವರು ಎರಡು ಕಲ್ಲಿನ ಸಂದಿಗೆ ಉಗುರು ತೂರಿಸಲು ನೋಡಿದರು. ಆಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಇಂಥವ್ರು ಮೇಸ್ತ್ರಿ ಅಂದ್ರೆ. ನಾವೆಲ್ಲ ಎಂತ?" ಅಂದರು.

ಅವರ ಮನಸ್ಸು ಹಗುರಾಗಲಿ ಎಂದು ಕರೆತಂದವಳು ನಾನು. ಇಲ್ಲಿ ಭಾರ ಇನ್ನೂ ಏರಿತು. ನಮ್ಮ ಗೈಡು ಹನಾ, ಇಪ್ಪತ್ತೈದರ ಚುರುಕು ಹುಡುಗಿ, ದಕ್ಷಿಣದ ದಿಬ್ಬದತ್ತ ಕೈ ತೋರಿಸಿ ಅರಬ್ಬಿಯಲ್ಲಿ ಏನೋ ಹೇಳಿದಳು. ಸಫಿಯಾಬಿ ಅನುವಾದಿಸಿದರು: "ಇದನ್ನ ಕಟ್ಟಿದವ್ರ ಗೋರಿಗಳು ಅಲ್ಲಿ ಅವೆಯಂತೆ. ಗುಲಾಮ್ರಲ್ಲ, ಕೆಲಸಗಾರ್ರಂತೆ. ರೊಟ್ಟಿ, ಮಾಂಸ ಎಲ್ಲ ಕೊಡ್ತಿದ್ರಂತೆ." ನಮ್ಮನೆಯವರು ಅತ್ತ ನೋಡಿದರು. ಆ ಮಧ್ಯಾಹ್ನ ಅನ್ನ, ಬೇಳೆ, ಶಾವಿಗೆ ಕಲಸಿದ ಕೊಶರಿ ಎಂಬ ಊಟಕ್ಕೆ ಮಿಡಿ ಉಪ್ಪಿನಕಾಯಿ ಹಚ್ಚಿಕೊಂಡು ನಾನೂ ಸಫಿಯಾಬಿಯೂ ಚೆನ್ನಾಗಿ ಉಂಡೆವು. ನಮ್ಮನೆಯವರು ಅರ್ಧ ಬಿಟ್ಟರು.

ಎರಡನೆಯ ದಿನ ಸಕ್ಕಾರ, ಆಮೇಲೆ ದಹ್‌ಶೂರ್. ಕೈರೋದಿಂದ ದಕ್ಷಿಣಕ್ಕೆ ಬಾಡಿಗೆ ವ್ಯಾನಿನಲ್ಲಿ ಹೋದರೆ ಒಂದೇ ದಿನಕ್ಕೆ ಎರಡೂ ಮುಗಿಯುತ್ತವೆ. ದಾರಿಯುದ್ದಕ್ಕೂ ಖರ್ಜೂರದ ತೋಟ. ಸಕ್ಕಾರದ್ದು ಎಲ್ಲಕ್ಕಿಂತ ಹಳೆಯದು: ಒಂದರ ಮೇಲೊಂದು ಆರು ಜಗಲಿ ಇಟ್ಟಂತಿದೆ. ಅದರ ಮುಂದಿನ ಕಾಲದಲ್ಲಿ, ಖುಫುವಿನ ಅಪ್ಪ ಸ್ನೆಫ್ರು ಎಂಬ ದೊರೆ, ಜಗಲಿ ಬೇಡ, ನಯವಾದ ಇಳಿಜಾರೇ ಬೇಕೆಂದು ದಹ್‌ಶೂರಿನಲ್ಲಿ ಕಟ್ಟಿಸತೊಡಗಿದ.

ದಹ್‌ಶೂರಿನಲ್ಲಿ ಜನವೇ ಇರಲಿಲ್ಲ. ಬರೀ ಮರಳು, ಗಾಳಿ, ದೂರದಲ್ಲೊಬ್ಬ ಕಾವಲುಗಾರ. ವ್ಯಾನಿನಿಂದ ಇಳಿದ ನಮ್ಮನೆಯವರು ನಾಲ್ಕು ಹೆಜ್ಜೆ ನಡೆದು ನಿಂತರು. ಎದುರಿನ ಪಿರಮಿಡ್ಡು ಅರ್ಧದವರೆಗೆ ಕಡಿದಾಗಿ ಏರಿತ್ತು. ಅಲ್ಲಿಂದ ಒಮ್ಮೆಲೆ ಬಾಗಿ, ತಗ್ಗಿದ ಇಳಿಜಾರಿನಲ್ಲಿ ತುದಿ ಸೇರಿತ್ತು. ಗಿರಿಜೆಯ ಮನೆಯ ಮಾಡು ಹಾಗೇ ಇದೆ.

ಜೇಬಿನಿಂದ ದಾರ ತೆಗೆದರು. ಗುಂಡಿಲ್ಲವಲ್ಲ, ಮನೆಯ ಬೀಗದ ಕೈ ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಕಾವಲುಗಾರನೂ ಬಂದು ಪಕ್ಕದಲ್ಲಿ ನಿಂತು, ತಾನೂ ಒಂದು ಕಣ್ಣು ಮುಚ್ಚಿ ನೋಡಿದ.

"ಸಫಿಯಾಬಿ, ಆ ಹುಡ್ಗಿ ಹತ್ರ ಕೇಳಿ. ಇದು ಬಾಗಿದ್ದು ಎಂತಕ್ಕೆ?"

ಹನಾ ಹೇಳಿದ್ದನ್ನು ಸಫಿಯಾಬಿ ಒಂದೊಂದೇ ಮಾತಾಗಿ ಒಪ್ಪಿಸಿದರು. "ಅಡಿಯ ನೆಲ ಮೆತ್ತಗೆ ಇತ್ತಂತೆ. ಕಟ್ತಾ ಕಟ್ತಾ ಬಿರುಕು ಬಿಡೂಕೆ ಶುರುವಾತಂತೆ. ಭಾರ ಕಮ್ಮಿ ಆಗ್ಲಿ ಅಂತ ಮೇಲೆ ಇಳಿಜಾರು ತಗ್ಗಿಸಿದ್ರು ಅಂತ ತಿಳಿದವ್ರು ಹೇಳ್ತ್ರಂತೆ."

"ಆ ಮೇಸ್ತ್ರಿಗೆ ರಾಜ ಎಂತ ಮಾಡ್ದ? ಕೆಲಸ ಬಿಡಿಸಿದ್ನಾ?"

ಹನಾ ನಕ್ಕು, ನಮ್ಮನ್ನು ಉತ್ತರ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದಳು. ಒಂದೂಕಾಲು ಮೈಲಿ ಆಚೆ ಕೆಂಪಗಿನ ಇನ್ನೊಂದು ಪಿರಮಿಡ್ಡು, ಬುಡದಿಂದ ತುದಿಯವರೆಗೆ ಒಂದೇ ತಗ್ಗಿದ ಇಳಿಜಾರು, ಎಲ್ಲೂ ಬಾಗಿಲ್ಲ. "ಮೇಸ್ತ್ರಿ ಹೆಸ್ರು ಯಾರಿಗೂ ಗೊತ್ತಿಲ್ಲಂತೆ" ಅಂದರು ಸಫಿಯಾಬಿ. "ಆದ್ರೆ ಅದೂ ಇದೇ ರಾಜಂದೇ. ಇದ್ರಲ್ಲಿ ಕಲ್ತು ಅದನ್ನ ಕಟ್ಟಿದ್ರಂತೆ. ಅದಾದ್ಮೇಲೆ ಮಗನ ಕಾಲಕ್ಕೆ ನಿನ್ನೆ ನೋಡಿದ್ದು."

ನಮ್ಮನೆಯವರು ಬಾಗಿದ್ದನ್ನು ನೋಡಿದರು, ಕೆಂಪನ್ನು ನೋಡಿದರು, ಮತ್ತೆ ಬಾಗಿದ್ದಕ್ಕೆ ಬಂದರು. ಹೊರಮೈಯ ನುಣುಪು ಕಲ್ಲು ಎಲ್ಲಕ್ಕಿಂತ ಹೆಚ್ಚು ಉಳಿದಿರುವುದು ಇದರಲ್ಲೇ.

"ಬಿದ್ದಿಲ್ಲ ಮಾರಾಯ್ತಿ" ಅಂದರು ನನಗೆ. ವ್ಯಾನಿನ ಬಳಿ ಬಂದು ಅವಲಕ್ಕಿ ಡಬ್ಬಿ ಕೇಳಿ ತೆಗೆದುಕೊಂಡು, ಹನಾಳಿಗೂ ಕಾವಲುಗಾರನಿಗೂ ಹಂಚಿ, ತಾವೂ ಹೊಟ್ಟೆತುಂಬ ತಿಂದರು. ಮೊದಲು ಸಕ್ಕಾರ, ದಹ್‌ಶೂರ್, ಕೊನೆಗೆ ಗೀಜಾ ನೋಡಿದರೆ ಚರಿತ್ರೆ ಸಲೀಸಾಗಿ ತಿಳಿಯುತ್ತದೆ ಎಂದು ಹನಾ ಹೇಳಿದಳು. ಇರಬಹುದು. ನಮಗೆ ನಾವು ಹೋದ ಕ್ರಮವೇ ಸರಿಯಾಯಿತು.

ಇನ್ನೆರಡು ದಿನ ಮ್ಯೂಸಿಯಂ, ಪೇಟೆ, ನೈಲ್ ನದಿಯ ದೋಣಿ. ವಾಪಸು ಬಂದು ಹೊನ್ನಾವರ ಸ್ಟೇಷನ್ನಿನಲ್ಲಿ ಇಳಿದಾಗ ನಾನು ರಿಕ್ಷಾದವನಿಗೆ ಕರ್ಕಿ ಎಂದೆ. "ಅಲ್ಲ, ಸೇತುವೆ ದಾಟು, ಕಾಸರಕೋಡಿಗೆ ಹೋಗ್ವ" ಅಂದರು ನಮ್ಮನೆಯವರು.

ಗಿರಿಜೆ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಅಣ್ಣ ಗೋಡೆಯ ಮೂಲೆಗೆ ನಿಂತು, ಒಂದು ಕಣ್ಣು ಮುಚ್ಚಿ ಮಾಡನ್ನು ನೋಡುತ್ತಿದ್ದದ್ದನ್ನು ಕಂಡು ಗಾಬರಿಯಾದಳು.

"ಎಂತ ಅಣ್ಣಾ? ಮತ್ತೆ ಬಿರುಕು ಬಿಡ್ತಾ?"

"ಇಲ್ಲ. ಗಟ್ಟಿ ನಿತ್ಕಂಡದೆ" ಅಂದರು. ಗೋಡೆಯನ್ನೊಮ್ಮೆ ತಟ್ಟಿ, "ಗಿರಿಜಾ, ಆ ಕರಣೆ ಎಲ್ಲಾದ್ರೂ ಅದ್ಯಾ? ಮಂಕಿ ಮಾಸ್ತರ್ರ ಕೆಲಸ ಅದೆ. ಮೊದ್ಲು ಅಡಿ ಮಣ್ಣು ತೆಗ್ದು ನೋಡ್ಬೇಕು" ಅಂದರು.

ಅವಳು ಒಳಗೆ ಹೋಗಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು ತಂದಳು. ಬಿಚ್ಚಿದರೆ ಕರಣೆ ಫಳಫಳ ಹೊಳೆಯುತ್ತಿತ್ತು, ಒಂದು ಚುಕ್ಕೆ ತುಕ್ಕಿರಲಿಲ್ಲ.

"ಉಪ್ಪುಗಾಳಿ ಅಲ್ವಾ" ಅಂದಳು ಗಿರಿಜೆ. "ನೀ ಬಂದು ಕೇಳೂವರಿಗೆ ಹಾಳಾಗ್ಬಾರ್ದು ಅಂತ ವಾರಕ್ಕೊಂದ್ಸಲ ಕೊಬ್ರಿ ಎಣ್ಣೆ ಒರಸ್ತಿದ್ದೆ."