ಕ್ಲಚ್ ಮೇಷ್ಟ್ರ ಎಡಗಾಲು

ಊರಿನಲ್ಲಿ ಅರ್ಧ ಜನ ಗಾಡಿ ಕಲಿತದ್ದು ಅವರ ಪಕ್ಕದಲ್ಲಿ ಕೂತು. ಬಾಯಿ ಬಿಟ್ಟರೆ "ಹಾಫ್ ಕ್ಲಚ್, ಹಾಫ್ ಕ್ಲಚ್" ಎನ್ನುತ್ತಿದ್ದುದರಿಂದ ಕ್ಲಚ್ ಮೇಷ್ಟ್ರು ಎಂದೇ ಹೆಸರಾಯಿತು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಮೇಲಷ್ಟೇ ಉಳಿಯಿತು. ಮನುಷ್ಯನ ಗುಣ ತಿಳಿಯಬೇಕಾದರೆ ಮುಖ ನೋಡಬೇಡ, ಎಡಗಾಲು ನೋಡು ಅನ್ನುವುದು ಅವರ ಸಿದ್ಧಾಂತ. ಮುಂಗೋಪಿ ಕ್ಲಚ್ಚನ್ನು ಥಟ್ಟನೆ ಬಿಡುತ್ತಾನೆ, ಪುಕ್ಕಲ ಅದರ ಮೇಲಿಂದ ಕಾಲೇ ತೆಗೆಯುವುದಿಲ್ಲ. ಅಳಿಯನನ್ನು ಒಪ್ಪಿಕೊಳ್ಳುವ ಮೊದಲೂ ಅವನ ಕೈಯಲ್ಲಿ ಒಂದು ಸುತ್ತು ಗಾಡಿ ಓಡಿಸಿ ನೋಡಿದ್ದರು.

ಲಕ್ವ ಹೊಡೆದದ್ದು ಎಡಭಾಗಕ್ಕೆ. ಸೊಟ್ಟಗಾದ ಬಾಯಿ ನೆಟ್ಟಗಾಯಿತು, ಕೈಯೂ ಮುಕ್ಕಾಲು ಪಾಲು ಹತೋಟಿಗೆ ಬಂತು. ಕಾಲು ಮಾತ್ರ ಸೊಂಟಕ್ಕೆ ಕಟ್ಟಿದ ಮರಳುಚೀಲದ ಹಾಗೆ ಹಿಂದೆ ಹಿಂದೆ ಬರುತ್ತಿತ್ತು. ಹೆಂಡತಿ ಇಲ್ಲ. ಮಗಳ ಮನೆಯಲ್ಲಿ, ಮೊಮ್ಮಗಳ ತೊಟ್ಟಿಲಿದ್ದ ಕೋಣೆಯಲ್ಲೇ ಅವರಿಗೂ ಒಂದು ಮಂಚ. ಮಗಳು ಮಗುವಿನ ಬಟ್ಟೆಯನ್ನೂ ಅವರ ಬಟ್ಟೆಯನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಸುವುದನ್ನು ಕಂಡಾಗಲೆಲ್ಲ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಹೀಗಿರುವಾಗ ಡ್ರೈವಿಂಗ್ ಸ್ಕೂಲಿನ ಮಾಲೀಕ ಮನೆಗೆ ಬಂದ. ಅವನೂ ಅವರ ಹಳೇ ಶಿಷ್ಯನೇ. ಗೇಟಿನ ಹತ್ತಿರ ಒಂದು ಕೆಂಪು ಗಾಡಿ ನಿಲ್ಲಿಸಿದ್ದ. ಗಿಡ್ಡ ಮೈ, ಅಗಲ ಚಕ್ರ, ಓಟಕ್ಕೆ ನಿಂತವನ ಹಾಗೆ ಮುಂದಕ್ಕೆ ಬಗ್ಗಿದ ಮೂತಿ.

"ಸಿವಿಟಿ ಗಾಡಿ ಮೇಷ್ಟ್ರೇ. ಗೇರ್ ಇಲ್ಲ, ಕ್ಲಚ್ ಇಲ್ಲ. ಎರಡು ರಾಟೆ, ನಡುವೆ ಒಂದು ಬೆಲ್ಟು. ರಾಟೆ ಹಿಗ್ಗುತ್ತೆ, ಕುಗ್ಗುತ್ತೆ, ಗಾಡಿ ಓಡುತ್ತೆ."

"ಅಂದ್ರೆ ಹಿಟ್ಟಿನ ಗಿರಣಿಗೆ ಸ್ಟೇರಿಂಗ್ ಕೂರಿಸಿದ್ದೀಯ ಅನ್ನು."

"ಬೈಯ್ರಿ, ಪರವಾಗಿಲ್ಲ. ಈಗ ಎಲ್ಲರಿಗೂ ಇದರಲ್ಲೇ ಕಲೀಬೇಕು. ನೀವೇ ಕಲಿಸಬೇಕು ಅಂತ ನನ್ನಾಸೆ. ಓಡಿಸೋಕೆ ಬಲಗಾಲೊಂದಿದ್ರೆ ಸಾಕು. ಭಾನುವಾರ ಓಡಿಸಿ ನೋಡಿ. ಸರಿ ಅನ್ಸಿದ್ರೆ ಸೋಮವಾರದಿಂದ ನಿಮ್ಮ ಸೀಟು ನಿಮಗೆ."

ಅವನು ಹೋದ ಮೇಲೆ ಮೇಷ್ಟ್ರು ಮಗಳನ್ನು ಕರೆದು ಗಡ್ಡ ಕೆರೆಯುವ ಬ್ಲೇಡು ಕೇಳಿದರು. ತಿಂಗಳುಗಳಿಂದ ಕೇಳಿರಲಿಲ್ಲ.

"ಡಾಕ್ಟರನ್ನ ಒಂದು ಮಾತು ಕೇಳೋಣಪ್ಪ," ಎಂದಳು ಮಗಳು.

"ಡಾಕ್ಟರಿಗೆ ಗಾಡಿ ಕಲಿಸಿದ್ದು ಯಾರು? ನಾನು."

ಭಾನುವಾರ ಊರಾಚೆ, ಮುಚ್ಚಿದ ಗೋದಾಮಿನ ಬಯಲು. ಮೊಮ್ಮಗಳೂ ಬರಲಿ ಎಂದು ಮೇಷ್ಟ್ರು ಹಟ ಹಿಡಿದಿದ್ದರು. ಬಿಸಿಲು ಜಾಸ್ತಿ ಎಂಬ ನೆಪ ಹೇಳಿ ಮಗಳು ಮಗುವನ್ನು ಗಂಡನ ಹತ್ತಿರ ಬಿಟ್ಟು ಬಂದಿದ್ದಳು. ಹೊಸ ಗಾಡಿಯಾದ್ದರಿಂದ ಕಲಿಸುವವರ ಕಡೆಗೆ ಎರಡನೇ ಬ್ರೇಕ್ ಇನ್ನೂ ಹಾಕಿಸಿರಲಿಲ್ಲ. ಅವಳು ಪಕ್ಕದಲ್ಲಿ ಕೂತಳು. ಮೇಷ್ಟ್ರು ಎಡಗಾಲನ್ನು ಎರಡು ಕೈಯಿಂದ ಎತ್ತಿ ಒಳಗಿಟ್ಟು, ಮುಂದಕ್ಕೆ ನೂಕಿದರು.

"ಹಿಂದಕ್ಕೆ ಇಟ್ಕೊಳ್ಳಿ ಅಪ್ಪ ಕಾಲು, ಸೀಟಿನ ಕಡೆಗೆ."

"ನನಗೇ ಪಾಠ ಹೇಳ್ತೀಯಾ? ಎಡಗಾಲು ಯಾವಾಗಲೂ ಕ್ಲಚ್ ಹತ್ತಿರ ಇರಬೇಕು."

"ಕ್ಲಚ್ಚೇ ಇಲ್ವಲ್ಲ!"

"ಕ್ಲಚ್ ಇಲ್ದಿದ್ರೂ ಜಾಗ ಇದೆಯಲ್ಲ."

ಗಾಡಿ ಹೊರಟಿತು. ಎಂಜಿನ್ನು ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿದ್ದರೆ ವೇಗ ತಾನೇ ಏರುತ್ತಿತ್ತು. ಇಗೋ ಈಗ ಗೇರ್ ಬದಲಾಗುತ್ತದೆ ಎಂದು ಮೇಷ್ಟ್ರ ಕಿವಿ ಕಾಯುವುದು, ಅದು ಬಾರದೇ ಹೋಗುವುದು. ಬಂದೇಬಿಟ್ಟಿತು ಅನ್ನಿಸಿ ಬಾರದ ಸೀನಿನ ಹಾಗೆ. ಜಗ್ಗಿಲ್ಲ, ಕುಲುಕಿಲ್ಲ. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಸಾಗಿತು. ಎರಡು ಸುತ್ತಾಗುವಷ್ಟರಲ್ಲಿ ಅವರ ಮೈಯಿಂದ ಕಾಯಿಲೆ ಇಳಿದುಹೋಗಿತ್ತು. ಜೋರಾಗಿ ಒತ್ತಿದರೆ ಗಾಡಿ ಮರಿಕುದುರೆಯಂತೆ ಚಿಮ್ಮಿತು.

"ಗಿರಣಿ ಅಂದ್ರಲ್ಲಪ್ಪ?"

"ಅಂದೆ. ನಾಲಿಗೆಗೆ ಮೂಳೆ ಇಲ್ಲ ಕಣೇ," ಎಂದು ನಕ್ಕು, ತಿರುವಿನಲ್ಲಿ ಸ್ವಲ್ಪ ಬಿರುಸಾಗಿಯೇ ತಿರುಗಿಸಿದರು. ಎದುರಿಗೆ ಗೋದಾಮಿನ ಗೋಡೆ. ಬ್ರೇಕ್ ಒತ್ತಿದರು. ಪೆಡಲು ಇಳಿಯಲಿಲ್ಲ. ಅಡಿಯಲ್ಲಿ ಮೆತ್ತಗೆ ಏನೋ ಸಿಕ್ಕಿಕೊಂಡಿತ್ತು. ಇನ್ನೂ ಬಲವಾಗಿ ತುಳಿದರು.

"ಬ್ರೇಕ್ ಹಿಡೀತಿಲ್ಲ!"

ಮಗಳು ಹ್ಯಾಂಡ್ ಬ್ರೇಕನ್ನು ಎರಡು ಕೈಯಿಂದ ಎಳೆದಳು. ಗಾಡಿ ಅಡ್ಡಡ್ಡ ಜಾರಿ, ಮೂತಿಯ ಒಂದು ಬದಿಯನ್ನು ಗೋಡೆಗೆ ಕೊಟ್ಟು ನಿಂತಿತು. ದೀಪದ ಗಾಜು ಉದುರುವ ಸದ್ದು ಕೇಳಿತು. ಅವಳು ತಿರುಗಿ, ಮಗು ಇರಬೇಕಾಗಿದ್ದ ಖಾಲಿ ಹಿಂದಿನ ಸೀಟನ್ನು ನೋಡಿದಳು. ಅವಳು ನೋಡಿದ್ದನ್ನು ಮೇಷ್ಟ್ರೂ ನೋಡಿದರು.

ಆಮೇಲೆ ಅವಳು ಇಳಿದು ಬಂದು ಅವರ ಕಡೆಯ ಬಾಗಿಲು ತೆರೆದು ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು.

"ಅಪ್ಪ... ಕಾಲು ತೆಗೀರಿ."

"ಯಾವ ಕಾಲು?"

ಬ್ರೇಕಿನ ಅಗಲವಾದ ಪೆಡಲಿನ ಅಡಿಯಲ್ಲಿ ಅವರ ಎಡಪಾದ ಸಿಕ್ಕಿಕೊಂಡಿತ್ತು. ತಿರುವಿನಲ್ಲಿ ಜಾರಿ ಸೇರಿಕೊಂಡದ್ದು. ಅದನ್ನೇ ಅವರು ಬಲಗಾಲಿನಿಂದ ಶಕ್ತಿಯಿದ್ದಷ್ಟೂ ತುಳಿದಿದ್ದರು. ಚಪ್ಪಲಿ ಕಿತ್ತು, ಬೆರಳಿನ ಉಗುರೆದ್ದು ರಕ್ತ ಬರುತ್ತಿತ್ತು.

"ನೋವಾಗ್ಲಿಲ್ವಾ?"

ಮೇಷ್ಟ್ರು ತಲೆಯಾಡಿಸಿದರು, ಇಲ್ಲವೆಂದು.

ಮಗಳು ಫೋನು ಮಾಡಿದ್ದಕ್ಕೆ ಮಾಲೀಕ ಓಡಿ ಬಂದ. ಗಾಡಿಯ ಕಡೆ ನೋಡಲೂ ಇಲ್ಲ, ಪಾಪ. "ಗಾಜು ತಾನೆ ಮೇಷ್ಟ್ರೇ, ಬಿಡಿ. ಕಾಲಿಗೆ ಒಂದು ಪಟ್ಟಿ ಮಾಡಿಸಿ ಸೀಟಿಗೆ ಕಟ್ಟಿಬಿಡೋಣ. ಅಲ್ಲಾಡೋದೇ ಇಲ್ಲ."

ಮಗಳು ತನ್ನ ಚೀಲದಲ್ಲಿದ್ದ ಮಗುವಿನ ಬಟ್ಟೆ ಹರಿದು ಪಾದಕ್ಕೆ ಸುತ್ತುತ್ತಿದ್ದಳು. ಯಾರದೋ ಪಾದವನ್ನು ನೋಡುವಂತೆ ಮೇಷ್ಟ್ರು ಅದನ್ನು ನೋಡಿದರು.

"ಕಟ್ಟಬಹುದಪ್ಪ. ಪಕ್ಕದಲ್ಲಿ ಕೂತು ಇನ್ನೊಬ್ಬರ ಕಾಲು ಕಾಯೋ ಕೆಲಸ ನಂದು. ನನ್ನ ಕಾಲು ಎಲ್ಲಿತ್ತು ಅಂತಾನೇ ನನಗೆ ಗೊತ್ತಾಗ್ಲಿಲ್ಲ. ಬೇರೆಯವರನ್ನ ನೋಡ್ಕೋ."

ಹಾಗನ್ನಬೇಡಿ ಎನ್ನಲು ಹೊರಟ ಮಾಲೀಕ ಮಗಳ ಮುಖ ನೋಡಿ, ಹೋಗಿ ಗಾಡಿಯ ಹಿಂದಿನ ಬಾಗಿಲು ತೆರೆದ. ಇಬ್ಬರೂ ಸೇರಿ ಮೇಷ್ಟ್ರನ್ನು ಎತ್ತಿ ಹಿಂದಿನ ಸೀಟಿಗೆ ಕೂರಿಸಿದರು. ಮಾಲೀಕ ಸ್ಟೇರಿಂಗ್ ಹಿಡಿದ. ಒಡೆದ ಮೂತಿಯಲ್ಲೇ ಗಾಡಿ ಒಂದಿಷ್ಟೂ ಕುಲುಕದೆ ಹೊರಟಿತು.

"ನೋಡು, ಎಷ್ಟು ನಯವಾಗಿ ಹೋಗುತ್ತೆ," ಎಂದರು ಮೇಷ್ಟ್ರು. ಮುಂದೆ ಕೂತ ಇಬ್ಬರೂ ತಿರುಗಲಿಲ್ಲ.