ದಿನಕ್ಕೊಂದು ರೊಟ್ಟಿಯ ಚಿಕಿತ್ಸೆ

ನಾನು ಅಂಗನವಾಡಿ ಟೀಚರ್ ಕೆಲಸದಿಂದ ನಿವೃತ್ತಳಾದ ವರ್ಷದ ಮಾತಿದು. ದೇವದುರ್ಗದ ನಮ್ಮ ಮನೆಯಲ್ಲಿ ಇರುವವರು ಮೂರೇ ಜನ: ನಾನು, ಲೈನ್‌ಮನ್ ಆಗಿರುವ ಮಗ ಮೌನೇಶ, ಸೊಸೆ ರೇಣುಕಾ. ಮೂವತ್ತು ವರ್ಷ ಮಕ್ಕಳ ಗದ್ದಲದಲ್ಲಿ ಕಳೆದವಳಿಗೆ ಮನೆಯಲ್ಲಿ ಕುಳಿತ ಮೊದಲ ವಾರಕ್ಕೇ ಹೊತ್ತು ಹೋಗದಂತಾಯಿತು.

ಅದೇ ದಿನಗಳಲ್ಲಿ ರೇಣುಕಾ ಮಂಕಾದಳು. ಮನೆಯಲ್ಲಿ ಜಗಳವಿಲ್ಲ, ಯಾರೂ ತೀರಿಕೊಂಡಿಲ್ಲ, ಜ್ವರವೂ ಇಲ್ಲ. ಸುಮ್ಮನೆ ಗೋಡೆ ಕಡೆ ಮುಖ ಮಾಡಿ ಮಲಗುವಳು. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಳು. ನನಗೆ ಏನೂ ತಿಳಿಯಲಿಲ್ಲ. ದೃಷ್ಟಿ ತೆಗೆದೆ, ತಾಯತ ಕಟ್ಟಿಸಿದೆ. "ನೀ ಏನೂ ಮಾಡಬ್ಯಾಡ ಯವ್ವಾ, ಮಲಕ್ಕೋ. ನಾ ಅದೀನಲ್ಲ" ಎಂದು ಒಲೆ, ನೀರು, ಬಟ್ಟೆ ಎಲ್ಲವನ್ನೂ ನಾನೇ ಹಿಡಿದೆ. ಅಷ್ಟು ಮಾಡಿದರೂ ಅವಳು ಕುಗ್ಗುತ್ತಲೇ ಹೋದಳು. ಒಂದು ದಿನ ಗಂಡನಿಗೆ, "ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ" ಅಂದಳಂತೆ. ಮೌನೇಶ ಹೆದರಿಬಿಟ್ಟ.

ಮರುದಿನವೇ ರಾಯಚೂರಿಗೆ ಹೋದೆವು. ಮನೋವೈದ್ಯರು ಇದು ಖಿನ್ನತೆ ಎಂದರು. ಗುಳಿಗೆ ಬರೆದುಕೊಟ್ಟು, ಜೊತೆಗೆ ಮಾತಿನ ಚಿಕಿತ್ಸೆಯೂ ಬೇಕು ಎಂದು ಪಕ್ಕದ ಕೋಣೆಯ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಇನ್ನೂ ಎಳೆಯ ವಯಸ್ಸಿನ ಹುಡುಗಿ. ಅವರು ಮೊದಲ ಪ್ರಶ್ನೆಯನ್ನು ರೇಣುಕಾಗೆ ಕೇಳಿದರು, ಉತ್ತರ ನಾನು ಹೇಳಿದೆ. ಎರಡನೆಯದಕ್ಕೂ ನಾನೇ. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ, "ಅಮ್ಮಾ, ನೀವು ಸ್ವಲ್ಪ ಹೊರಗ ಕುಂದರ್ರಿ" ಎಂದರು. ನನ್ನನ್ನೇ ಹೊರಗೆ ಕಳಿಸುವುದೆ! ಬೆಂಚಿನ ಮೇಲೆ ಕುಳಿತು ಒಬ್ಬಳೇ ಸಿಡಿಮಿಡಿಗೊಂಡೆ.

ಮುಕ್ಕಾಲು ತಾಸಿನ ನಂತರ ಒಳಗೆ ಕರೆದು ಅವರು ಹೇಳಿದ್ದು ಕೇಳಿ ನನ್ನ ತಲೆಯೇ ಕೆಟ್ಟಿತು. "ನಾಳಿಂದ ದಿನಾ ಮುಂಜಾನಿ ರೇಣುಕಾ ಒಂದು ರೊಟ್ಟಿ ಮಾಡ್ತಾಳ. ಆಕಿನೇ ಆರಿಸಿಕೊಂಡ ಕೆಲಸ ಇದು. ಮುಂದಿನ ವಾರ ಎರಡು. ಮನಸ್ಸು ಬಂದ ಮ್ಯಾಲ ಏಳ್ತೀನಿ ಅಂದ್ರ ಈ ರೋಗದಾಗ ಅದು ಬರೂದಿಲ್ಲ. ಮೊದಲು ಕೈ ನಡೀಬೇಕು, ಆಮ್ಯಾಲ ಮನಸ್ಸು ಬರ್ತದ. ನೀವು ಸಹಾಯಕ್ಕ ಹೋಗಬ್ಯಾಡ್ರಿ."

"ಆರಾಮ ಇಲ್ಲದಾಕಿ ಕೈಲೆ ರೊಟ್ಟಿ ಮಾಡಸಬೇಕೇನ್ರೀ?"

"ಹೌದ್ರಿ. ಸುಮ್ಮನ ಕುಂದರೂದೇ ನಿಮ್ಮ ಕೆಲಸ."

ರೇಣುಕಾಗೆ ಒಂದು ನೋಟ್‌ಬುಕ್ಕನ್ನೂ ಕೊಟ್ಟರು. ಅದರಲ್ಲಿ ಏನು ಬರೆಯಬೇಕು ಎಂಬುದು ಅವರಿಬ್ಬರಿಗೇ ಗೊತ್ತು.

ಮೊದಲ ದಿನದ ರೊಟ್ಟಿ ಹಂಚಿಗೆ ಹಾಕುವಾಗಲೇ ಹರಿಯಿತು. ಎರಡನೆಯ ದಿನ ಹಿಟ್ಟಿನ ಪರಾತದ ಮುಂದೆ ಕುಳಿತು ಅತ್ತಳು. ಎದ್ದು ಹೋಗಿ ಕಸಿದುಕೊಳ್ಳಬೇಕೆಂದು ನನ್ನ ಕೈ ತುರಿಸುತ್ತಿತ್ತು. ಇದು ಚಿಕಿತ್ಸೆಯೋ ಶಿಕ್ಷೆಯೋ ಅರ್ಥವಾಗದು. ಪಕ್ಕದ ಮನೆಯವಳು ಇಣುಕಿ ನೋಡಿ, "ಸೊಸಿ ಎದ್ದಳಲ್ಲ, ಇನ್ನ ನಿಮಗ ಆರಾಮ ಬಿಡ್ರಿ" ಎಂದು ಚುಚ್ಚಿ ಹೋದಳು. ವಾರವಾರ ರಾಯಚೂರಿಗೆ ಹೋಗಿ ಬರುತ್ತಿದ್ದೆವು. ಮೂರನೆಯ ವಾರ ರೇಣುಕಾ ತಾನೇ ತಲೆ ಬಾಚಿಕೊಂಡಳು. ಮರುದಿನ ಮತ್ತೆ ಗೋಡೆ ಕಡೆ ತಿರುಗಿದಳು. ಯಾವುದನ್ನು ನಂಬಬೇಕೋ ನನಗೆ ತಿಳಿಯಲಿಲ್ಲ.

ಆಗಲೇ ಒಂದು ಮುಂಜಾನೆ, ಹೇಳದೆ ಕೇಳದೆ ಮಾನ್ವಿಯಿಂದ ಅವಳ ತಾಯಿ ಅಂಬಮ್ಮ ಬಂದರು. ಮಗಳು ಒಲೆಯ ಮುಂದೆ ಬೆವರುತ್ತಾ ರೊಟ್ಟಿ ಬಡಿಯುತ್ತಿದ್ದಾಳೆ, ನಾನು ಹೊಸ್ತಿಲಲ್ಲಿ ಕಾಲು ಚಾಚಿ ಕುಳಿತಿದ್ದೇನೆ!

"ಏನ್ರೀ ಟೀಚರಮ್ಮ, ಮಗಳಿಗೆ ಆರಾಮಿಲ್ಲ ಅಂತ ಹೇಳಿ ಕಳಿಸಿ ಚಾಕರಿ ಮಾಡಸಾಕತ್ತೀರೇನು?"

"ಡಾಕ್ಟ್ರು ಹೇಳ್ಯಾರ ಅಕ್ಕಾರ..."

"ಯಾವ ಡಾಕ್ಟ್ರು ಹಿಂಗ ಹೇಳ್ತಾನ? ರೇಣುಕಾ, ಏಳು. ಮಾನ್ವಿಗೆ ನಡಿ. ಈ ರಾಯಚೂರು ತಿರುಗಾಟ ಸಾಕು."

ಅವರು ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು. ಕರೆದುಕೊಂಡು ಹೋದರೆ ಚಿಕಿತ್ಸೆ ಅಲ್ಲಿಗೇ ನಿಂತಂತೆ. ತಡೆಯಬೇಕು, ಆದರೆ ಏನೆಂದು ಹೇಳಲಿ? ನನಗೇ ನಂಬಿಕೆ ಇಲ್ಲ.

ರೇಣುಕಾ ಎದ್ದಳು. ಹಿಟ್ಟಿನ ಕೈ ಒರೆಸಿಕೊಂಡು ನೋಟ್‌ಬುಕ್ ತಂದಳು. "ಅತ್ತೀ, ನಿಮಗ ಒಂದು ಕೇಳಬೇಕು. ರಾಯಚೂರ ಮೇಡಂ ಹೇಳಿ ಎರಡು ವಾರ ಆತು, ನನಗ ಧೈರ್ಯ ಆಗಿದ್ದಿಲ್ಲ." ಸಾಲಿನ ಮೇಲೆ ಬೆರಳಿಟ್ಟು ಓದಿದಳು: "ನನ್ನ ತಲೆಯಲ್ಲಿ ಬರುವ ಮಾತು, ಈ ಮನೆಗೆ ನಾನು ಬೇಡ. ಅದಕ್ಕೆ ಸಾಕ್ಷಿ, ಅತ್ತೆ ನನ್ನ ಎಲ್ಲ ಕೆಲಸ ಒಂದೊಂದಾಗಿ ತೆಗೆದುಕೊಂಡರು." ತಲೆ ಎತ್ತಿ, "ಇದು ಖರೇನೇನ್ರೀ? ನಿಮ್ಮನ್ನೇ ಕೇಳು ಅಂದಾರ" ಎಂದಳು.

ಅಂಬಮ್ಮನ ಕೈ ಚೀಲದಲ್ಲೇ ನಿಂತಿತು. ಮಾತಿನ ಮಲ್ಲಿ ಎಂದು ಹೆಸರಾದ ನಾನು ಹೊಸ್ತಿಲಿನಿಂದ ಎದ್ದು ಅವಳ ಎದುರಿಗೆ ಬಂದೆ. ಸುಳ್ಳು ಹೇಳಿದರೆ ಅವಳಿಗೆ ತಿಳಿಯುತ್ತದೆ ಅನಿಸಿತು.

"ಇಲ್ಲವ್ವಾ. ನೀ ಬ್ಯಾಡ ಅಂತಲ್ಲ. ನೌಕರಿ ಹೋಗಿ ನನ್ನ ಕೈ ಖಾಲಿ ಆಗಿದ್ವು. ಯಾರಿಗೂ ನಾ ಬ್ಯಾಡಾದೆ ಅನಿಸಿತ್ತು. ನಿನ್ನ ಕೆಲಸ ನಾ ತಗೊಂಡೆ."

ಅವಳು ಅಳಲಿಲ್ಲ, ನಗಲೂ ಇಲ್ಲ. ಪೆನ್ನು ತೆಗೆದುಕೊಂಡು ನಾನು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಳು. ಆಮೇಲೆ ತಾಯಿಗೆ, "ಅವ್ವಾ, ನೀ ಹೋಗು. ನಾ ಇಲ್ಲೇ ಇರ್ತೀನಿ" ಎಂದಳು. ಮಧ್ಯಾಹ್ನದ ಬಸ್ಸಿಗೆ ಅಂಬಮ್ಮ ಒಬ್ಬರೇ ಹೊರಟರು.

ರೇಣುಕಾ ಚೇತರಿಸಿಕೊಳ್ಳಲು ಬಹಳ ತಿಂಗಳು ಹಿಡಿಯಿತು. ಈಗಲೂ ಒಂದೊಂದು ದಿನ ಮಂಕಾಗುತ್ತಾಳೆ. ಆಗ ನಾನು ಊಹೆ ಮಾಡಲು ಹೋಗುವುದಿಲ್ಲ, ಏನು ಬೇಕೆಂದು ಅವಳನ್ನೇ ಕೇಳುತ್ತೇನೆ. ಆ ವರ್ಷ ಅವಳ ಮೇಲಿನ ಕರುಣೆಗೆ ಒಲೆ ಹಿಡಿದೆನೋ, ನನ್ನ ಸಂಕಟಕ್ಕೆ ಹಿಡಿದೆನೋ, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ತಾನು ಬದುಕಿರುವುದು ಯಾರಿಗೂ ಬೇಡ ಎನ್ನುವುದಕ್ಕೆ ರೇಣುಕಾಗೆ ಬೇಕಾಗಿದ್ದ ಸಾಕ್ಷಿಯನ್ನು ನಾನೇ ದಿನಾ ಕೈಯಾರೆ ಒದಗಿಸಿದೆ ಎಂಬುದು ಮಾತ್ರ ನನಗೆ ಗೊತ್ತು.