ಉದ್ದ ತೋಳಿನ ಕುಪ್ಪಸ

ಬೆಳಿಗ್ಗೆ ಸೊಸೆ ಮೊಮ್ಮಗಳ ಮೊಣಕೈಗೆ ಮುಲಾಮು ಹಚ್ಚುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೊಣಕೈಯೂ ಕಡಿಯತೊಡಗಿತು. ಮುದಿ ಚರ್ಮಕ್ಕೂ ಇಷ್ಟು ನೆನಪಿರುತ್ತದೆಯೇ, ನೀವೇ ಹೇಳಿ.

ನಿಜಾಮರ ಕಾಲದ ಮಾತು. ನಾರಾಯಣಖೇಡದಲ್ಲಿ ಅಪ್ಪನದು ತೊಗರಿ ವ್ಯಾಪಾರ. ನನಗಾಗ ಹದಿಮೂರು, ಎರಡೂ ತೋಳಿಗೆ ಇಸಬು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಪೂಜೆಗೆ ಕುಳಿತರೂ ಶಿವನಿಗಿಂತ ಉಗುರೇ ಹೆಚ್ಚು ನೆನಪಾಗುತ್ತಿತ್ತು. ನನಗೆ ಗಂಡು ಹುಡುಕುತ್ತಿದ್ದ ಅವ್ವ ಮಣಿಕಟ್ಟಿನ ತನಕ ತೋಳಿರುವ ಕುಪ್ಪಸ ಹೊಲಿಸಿದಳು. ಬೇಸಿಗೆಯ ಬೆವರಿಗೆ ಅದರೊಳಗೆ ಇಸಬು ಇನ್ನಷ್ಟು ಕೆರಳಿತು.

ನಮ್ಮ ಓಣಿಯ ಸಾಬವ್ವ ಕುರಿ ಕಾಯುವವಳು. ಅವಳಿಗೂ ಕೈತುಂಬ ಇದೇ ಇಸಬು. ಮುಚ್ಚಿಕೊಳ್ಳಲು ಉದ್ದ ತೋಳಿರಲಿಲ್ಲ. "ಆಕಿ ಹಗ್ಗ ಮುಟ್ಟಿದ್ರ ನಮಗೂ ಹತ್ತತದ" ಎಂದು ಹೆಂಗಸರು ಬಾವಿಯಿಂದ ದೂರ ನಿಲ್ಲಿಸುತ್ತಿದ್ದರು. ಯಾರಾದರೂ ಕೊಡಕ್ಕೆ ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. ಕುರಿ ಬಿಟ್ಟು ದೂರದ ದವಾಖಾನೆಗೆ ಹೋಗುವುದು ಅವಳಿಗೆ ಆಗದ ಮಾತು.

ಅಪ್ಪ ಮಾತ್ರ ಗಾಡಿ ಕಟ್ಟಿಸಿ, ಓಣಿಯವರಿಗೆ ಅಜ್ಜಿಯ ಊರಿಗೆಂದು ಹೇಳಿ, ಅವ್ವನನ್ನೂ ನನ್ನನ್ನೂ ಜಹೀರಾಬಾದಿಗೆ ಕರೆದೊಯ್ದ. ಡಾಕ್ಟರರು ಉರ್ದುವಿನಲ್ಲಿ ಹೇಳಿದ್ದನ್ನು ಅಪ್ಪ ನಮಗೆ ತಿಳಿಸಿದ: "ಇದು ಒಬ್ಬರಿಂದ ಒಬ್ಬರಿಗಿ ಹತ್ತಂಗಿಲ್ಲಂತ. ತೋಳಿಗಿ ಗಾಳಿ ಆಡ್ಲಿ ಅಂತಾರ."

ಮನೆಗೆ ಬಂದವಳೇ ಕೇಳಿದೆ, "ಸಾಬವ್ವಗ ಹೇಳ್ಲೇನವ್ವಾ?"

"ಬಾಯಿ ಮುಚ್ಚು. ನಿನಗ ಹೆಂಗ ಗೊತ್ತಾತು ಅಂತ ಕೇಳ್ತಾರ. ನಿನ್ನ ಲಗ್ನ ಆಗೂದು ಬ್ಯಾಡೇನು?"

ಬಾಯಿ ಮುಚ್ಚಿದೆ. ಡಾಕ್ಟರರು ಕೊಟ್ಟ ಮುಲಾಮಿಗೆ ಕಡಿತ ತಗ್ಗಿತು, ಜೀವಕ್ಕೆ ಮಾತ್ರ ಸಮಾಧಾನವಿಲ್ಲ. ದಿನವೂ ನೀರಿಗೆ ಹೋಗುವುದು, ದೂರ ನಿಂತ ಸಾಬವ್ವನನ್ನು ನೋಡುವುದು, ಕೊಡ ಅರ್ಧ ತುಂಬಿಸಿ ಓಡಿ ಬರುವುದು. ಎಂಟನೆಯ ದಿನ ಅವಳ ಕೊಡವನ್ನು ಯಾರೋ ಕಾಲಿನಿಂದ ತಳ್ಳಿದರು. ನಾನು ಕುಪ್ಪಸದ ತೋಳು ಮೇಲೇರಿಸಿದೆ.

"ನೋಡ್ರಿ, ನನಗೂ ಅದ. ಹತ್ತಂಗಿಲ್ಲಂತ ಡಾಕ್ಟರ್ ಸಾಬ್ರು ಹೇಳ್ಯಾರ."

ಇಬ್ಬರು ಕೊಡ ಎತ್ತಿಕೊಂಡು ನಡೆದರು. ಒಬ್ಬ ಮುದುಕಿ ಸರಿದು ಸಾಬವ್ವನಿಗೆ ಹಗ್ಗ ಕೊಟ್ಟಳು. ಸಾಬವ್ವ ಹಗ್ಗ ಹಿಡಿದು ನನ್ನ ಮುಖವನ್ನೇ ನೋಡಿದಳು.

"ಯಾವಾಗ ಹೇಳ್ಯಾರ, ಯವ್ವಾ?"

"ಎಂಟು ದಿನ ಆತು."

ಅವಳು ನೀರು ಸೇದಿಕೊಂಡು ಹೋದಳು.

ಮಾತಿಗೆ ಬಂದಿದ್ದ ಸಂಬಂಧ ತಪ್ಪಿತು. ಆಮೇಲೆ ತಾಂಡೂರಿನ ಈ ಮನೆಗೆ ಸೊಸೆಯಾಗಿ ಬಂದೆ. ನನ್ನ ಧೈರ್ಯದ ಕಥೆಯೆಂದು ಇದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಸಾಬವ್ವನ ಪ್ರಶ್ನೆಯನ್ನು ಬಿಟ್ಟೇ ಹೇಳುತ್ತಿದ್ದೆ. ಇವತ್ತು ಸೊಸೆಯ ಮುಂದೆ ಅದನ್ನೂ ಹೇಳಿಬಿಟ್ಟೆ.